ಸ್ಟಾರ್ಟ್ ಆಗದ ಮಿಷನ್ ಮುಂದೆ ಎಂಜಿನಿಯರ್ ಏನು ಮಾಡಬೇಕು?

ಎಂಜಿನಿಯರಿಂಗ್ ಓದುತ್ತಿದ್ದೇನೆ ಎಂದು ಊರಲ್ಲಿ ಹೇಳಿದರೆ ಎರಡು ಪ್ರಶ್ನೆ ಗ್ಯಾರಂಟಿ. ಒಂದು, ‘ಓದಿದ್ಮೇಲೆ ಕೆಲ್ಸ ಸಿಗ್ತದಾ?’ ಇನ್ನೊಂದು, ‘ನಮ್ಮ ಮಿಷನ್ ಸ್ಟಾರ್ಟ್ ಆಯ್ತಾ ಇಲ್ಲ, ವಸಿ ನೋಡ್ತೀಯಾ?’ ಮೊದಲ ಪ್ರಶ್ನೆಗಾಗಿ ನಮಗೆ ಆ್ಯಪ್ಟಿಟ್ಯೂಡ್ ತರಗತಿ, ಅಣಕು ಸಂದರ್ಶನ, ಕೋಡಿಂಗ್ ತರಬೇತಿ ಎಲ್ಲವೂ ಇವೆ. ಎರಡನೆಯದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ‘ಅದು ಮೆಕ್ಯಾನಿಕ್ ಕೆಲಸ, ನಮ್ಮದಲ್ಲ’ ಎಂದು ನಗುತ್ತಾ ದಾಟಿಬಿಡುತ್ತೇವೆ.

ನನ್ನ ವಾದ ಇಷ್ಟೆ. ಎರಡನೇ ಪ್ರಶ್ನೆಯೇ ನಿಜವಾದ ಎಂಜಿನಿಯರಿಂಗ್ ಪ್ರಶ್ನೆ. ಕೆಟ್ಟು ನಿಂತ ಯಂತ್ರದಲ್ಲಿ ದೋಷ ಎಲ್ಲಿದೆ ಎಂದು ಕ್ರಮವಾಗಿ ಹುಡುಕುವುದು ಒಂದು ವಿದ್ಯೆ. ಅದನ್ನು ಕಾಲೇಜಿನಲ್ಲಿ ಕಲಿಸುತ್ತಿಲ್ಲ. ಕಲಿಸಬಲ್ಲ ಹಿರಿಯ ಮೆಕ್ಯಾನಿಕ್‌ಗಳು ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಇನ್ನೂ ಇದ್ದಾರೆ, ಆದರೆ ಹೆಚ್ಚು ಕಾಲ ಇರುವುದಿಲ್ಲ. ಇದನ್ನು ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಕಡೆ ಎಲ್ಲರಿಗೂ ಗೊತ್ತಿರುವ ಒಂದು ಯಂತ್ರದ ಮೂಲಕವೇ ಹೇಳುತ್ತೇನೆ: ಚೈನ್ ಸಾ, ಅಂದರೆ ನಮ್ಮ ಬಾಯಿಮಾತಿನ ‘ಮರ ಕೊಯ್ಯೋ ಮಿಷನ್’.

ಈ ಯಂತ್ರವೇ ಯಾಕೆ?

ಮರ ಕೊಯ್ಯುವ ಯಂತ್ರ ಎಂದೊಡನೆ ಕಾಡು ಕಡಿಯುವ ಚಿತ್ರ ಕಣ್ಮುಂದೆ ಬರುತ್ತದೆ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಪಕ್ಕದಲ್ಲೇ ಬದುಕುವ ನಮಗೆ ಅದು ಸಹಜ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಸ್ವಂತ ಜಮೀನಿನಲ್ಲಿದ್ದರೂ ಬಹುತೇಕ ಮರಗಳನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ತೆಂಗು, ಸರ್ವೆ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಕಾನೂನು ಹಾಗೇ ಇರಲಿ, ಇನ್ನೂ ಬಿಗಿಯಾಗಲಿ.

ಆದರೆ ಈ ಯಂತ್ರದ ದಿನನಿತ್ಯದ ಕೆಲಸ ಬೇರೆಯೇ ಇದೆ. ಏಪ್ರಿಲ್–ಮೇ ತಿಂಗಳ ಬಿರುಗಾಳಿ ಮಳೆಗೆ ನಮ್ಮ ಕಡೆ ಬಾಳೆತೋಟ ಮಲಗುವುದು, ತೆಂಗಿನ ಮರ ಮನೆ ಮೇಲೆ ವಾಲುವುದು, ರಸ್ತೆಗೆ ಕೊಂಬೆ ಬೀಳುವುದು ಪ್ರತಿ ವರ್ಷದ ಕಥೆ. ಕರೆಂಟ್ ತಂತಿ ಮೇಲೆ ಬಿದ್ದ ಮರ ತೆರವಾಗುವ ತನಕ ಊರಿಗೆ ಕತ್ತಲೆ, ಬೋರ್‌ವೆಲ್‌ಗೆ ರಜೆ. ಒಣಗಿ ನಿಂತ ತೆಂಗಿನ ಮರವನ್ನು ಹಾಗೇ ಬಿಟ್ಟರೆ, ಅದು ಕೊಳೆಯುತ್ತಾ ಕುರುವಾಯಿ ದುಂಬಿಗೆ ಸಂತಾನ ಬೆಳೆಸುವ ತಾಣವಾಗುತ್ತದೆ. ಪಕ್ಕದ ಆರೋಗ್ಯವಂತ ಮರಗಳಿಗೂ ಅಪಾಯ. ಒಣ ಮರವನ್ನು ಬೇಗ ತೆಗೆದು ವಿಲೇವಾರಿ ಮಾಡುವುದೂ ತೋಟ ಉಳಿಸುವ ಕೆಲಸವೇ.

ಈ ಕೆಲಸವನ್ನೇ ನಂಬಿದ ಇಬ್ಬರು, ಮೂವರ ತಂಡಗಳು ತೆರಕಣಾಂಬಿಯಿಂದ ಬೇಗೂರಿನವರೆಗೆ ಇವೆ. ಬೈಕ್ ಮೇಲೆ ಮಿಷನ್ ಕಟ್ಟಿಕೊಂಡು ತೋಟದಿಂದ ತೋಟಕ್ಕೆ ಹೋಗುತ್ತಾರೆ. ಅವರಿಗೆ ಮಿಷನ್ ನಿಂತರೆ ಆ ದಿನದ ಕೂಲಿ ನಿಂತಂತೆ. ಅಂಗಡಿಯವರು ‘ಎರಡು ದಿನ ಬಿಟ್ಟು ಬನ್ನಿ’ ಎಂದರೆ ಎರಡು ದಿನದ ಕೂಲಿ ಹೋಯಿತು, ಗಿರಾಕಿಯೂ ಬೇರೆ ತಂಡವನ್ನು ಕರೆಸಿಕೊಂಡ.

ಎರಡು ಸಾವಿರವೋ, ನೂರೋ?

ನನ್ನ ಚಿಕ್ಕಪ್ಪ ಇಂಥ ಒಂದು ತಂಡದವರು. ಕಳೆದ ಬೇಸಿಗೆಯ ಗಾಳಿಮಳೆ ಸೀಸನ್‌ನಲ್ಲಿ ಅವರ ಮಿಷನ್ ಕೈಕೊಟ್ಟಿತು. ಹಗ್ಗ ಎಳೆದೂ ಎಳೆದೂ ಭುಜ ನೋವು ಬಂತೇ ಹೊರತು ಎಂಜಿನ್ ಉಸಿರಾಡಲಿಲ್ಲ. ಒಂದು ಅಂಗಡಿಗೆ ತೋರಿಸಿದರು. ಅಲ್ಲಿ ಮಿಷನ್ ಬಿಚ್ಚದೆಯೇ ತೀರ್ಪು ಬಂತು: ‘ಕಾರ್ಬೊರೇಟರ್ ಹೋಗಿದೆ, ಎರಡು ಸಾವಿರದ ಮೇಲಾಗುತ್ತೆ, ಮೈಸೂರಿಂದ ತರಿಸಬೇಕು.’

ಮಾರನೇ ದಿನ ನಾನೂ ಚಿಕ್ಕಪ್ಪನೂ ಗುಂಡ್ಲುಪೇಟೆಯ ಹಳೆಯ ಮೆಕ್ಯಾನಿಕ್ ಒಬ್ಬರ ಬಳಿ ಹೋದೆವು. ಐವತ್ತು ದಾಟಿದ ವಯಸ್ಸು. ಹುಡುಗನಾಗಿದ್ದಾಗ ಮೈಸೂರಿನ ಗ್ಯಾರೇಜೊಂದರಲ್ಲಿ ಜಾವಾ, ಯೆಜ್ಡಿ ಬೈಕುಗಳ ಮೇಲೆ ಕೈ ಪಳಗಿಸಿಕೊಂಡವರು. ಅವರು ಸ್ಪ್ಯಾನರ್ ಮುಟ್ಟಲಿಲ್ಲ. ಮೊದಲು ಕೇಳಿದ್ದು: ‘ಯಾವಾಗ ನಿಂತ್ಕತು? ನಿಂತಾಗ ಹೆಂಗಾಯ್ತು?’

‘ಹತ್ತು ನಿಮ್ಷ ಚೆನ್ನಾಗೇ ಓಡ್ತು ಕನಣ್ಣ. ಆಮೇಲೆ ಉಸ್ರು ಕಟ್ದಂಗೆ ಆಗಿ ನಿಂತ್ಕತು. ಅರ್ಧ ಗಂಟೆ ಬುಟ್ಟು ಎಳುದ್ರೆ ವಸಿ ಓಡ್ತು. ಈಗ ಅದೂ ಇಲ್ಲ,’ ಎಂದರು ಚಿಕ್ಕಪ್ಪ.

ಅವರು ಸ್ಪಾರ್ಕ್ ಪ್ಲಗ್ ಬಿಚ್ಚಿ ಬೆರಳಲ್ಲಿ ಮುಟ್ಟಿ ನೋಡಿದರು. ಒಣಗಿತ್ತು. ಅಷ್ಟು ಸಲ ಹಗ್ಗ ಎಳೆದ ಮೇಲೂ ಪ್ಲಗ್ ಒಣಗಿದೆ ಎಂದರೆ ಪೆಟ್ರೋಲ್ ಎಂಜಿನ್ ಒಳಕ್ಕೆ ಬರುತ್ತಲೇ ಇಲ್ಲ. ಆಮೇಲೆ ಟ್ಯಾಂಕಿನ ಮುಚ್ಚಳವನ್ನು ನಿಧಾನಕ್ಕೆ ಸಡಿಲಿಸಿದರು. ‘ಸುಯ್’ ಎಂದು ಗಾಳಿ ಒಳನುಗ್ಗಿತು. ಟ್ಯಾಂಕಿಗೆ ಗಾಳಿ ಬಿಡುವ ಪುಟ್ಟ ರಂಧ್ರ ಮರದ ಪುಡಿ ಮತ್ತು ಆಯಿಲ್ ಸೇರಿ ಕಟ್ಟಿಕೊಂಡಿತ್ತು. ಪೆಟ್ರೋಲ್ ಖಾಲಿಯಾದಂತೆ ಆ ಜಾಗಕ್ಕೆ ಗಾಳಿ ಬರದಿದ್ದರೆ ಟ್ಯಾಂಕ್ ಒಳಗೆ ನಿರ್ವಾತ ಉಂಟಾಗುತ್ತದೆ. ಕಾರ್ಬೊರೇಟರ್ ಎಷ್ಟು ಹೀರಿದರೂ ಪೆಟ್ರೋಲ್ ಬರುವುದಿಲ್ಲ. ಹೊರಗಿನಿಂದ ನೋಡಿದರೆ ಟ್ಯಾಂಕಲ್ಲಿ ಪೆಟ್ರೋಲ್ ಕಾಣುತ್ತಿತ್ತು, ಹಾಗಾಗಿ ಯಾರೂ ಮುಚ್ಚಳ ತೆಗೆದಿರಲಿಲ್ಲ.

ರಂಧ್ರ ಸ್ವಚ್ಛ ಮಾಡಿ, ಟ್ಯಾಂಕ್ ಒಳಗಿನ ಫಿಲ್ಟರ್ ತೊಳೆದು, ಪ್ಲಗ್ ಹಾಕಿ ಎಳೆದರು. ನಾಲ್ಕನೇ ಎಳೆತಕ್ಕೆ ಮಿಷನ್ ಓಡಿತು. ತೆಗೆದುಕೊಂಡದ್ದು ನೂರು ರೂಪಾಯಿ.

ಆ ಅಂಗಡಿಯವರು ಮೋಸಗಾರರು ಎಂದು ನಾನು ಹೇಳುತ್ತಿಲ್ಲ. ಅನುಮಾನ ಬಂದ ಭಾಗವನ್ನು ಬದಲಿಸುತ್ತಾ ಹೋಗುವುದು ಈಗ ಎಲ್ಲ ಕಡೆಯ ಪದ್ಧತಿ. ಭಾಗ ಬದಲಿಸಿದರೆ ಕೆಲವೊಮ್ಮೆ ಯಂತ್ರ ಓಡುತ್ತದೆ ಕೂಡ, ಯಾಕೆಂದರೆ ಬಿಚ್ಚಿ ಜೋಡಿಸುವ ಭರದಲ್ಲಿ ಅಸಲಿ ದೋಷ ತಾನೇ ಸರಿಹೋಗಿರುತ್ತದೆ. ಆದರೆ ಏನು ಕೆಟ್ಟಿತ್ತು ಎಂಬುದು ಯಾರಿಗೂ ತಿಳಿದಿರುವುದಿಲ್ಲ. ಮುಂದಿನ ತಿಂಗಳು ಅದೇ ರಗಳೆ.

ಕ್ರಮವೇ ವಿದ್ಯೆ

ಆ ಮೆಕ್ಯಾನಿಕ್ ಮಾಡಿದ್ದನ್ನು ಪುಸ್ತಕದ ಭಾಷೆಯಲ್ಲಿ ಬರೆದರೆ ಹೀಗೆ: ಮೊದಲು ಯಂತ್ರದ ಚರಿತ್ರೆ ಕೇಳು. ಆಮೇಲೆ ಸಾಧ್ಯತೆಗಳನ್ನು ಅರ್ಧಕ್ಕೆ ಕತ್ತರಿಸುವಂಥ ಒಂದು ಪರೀಕ್ಷೆ ಮಾಡು. ಸುಲಭದ, ಖರ್ಚಿಲ್ಲದ ಕಾರಣವನ್ನು ಮೊದಲು ನೋಡು, ದುಬಾರಿಯದನ್ನು ಕೊನೆಗೆ ನೋಡು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು.

ಚೈನ್ ಸಾ ಎಂಜಿನ್ ಟೂ ಸ್ಟ್ರೋಕ್. ಅದು ಓಡಲು ಮೂರು ಬೇಕು: ಸರಿಯಾದ ಪೆಟ್ರೋಲ್–ಗಾಳಿ ಮಿಶ್ರಣ, ಸರಿಯಾದ ಹೊತ್ತಿಗೆ ಕಿಡಿ, ಮಿಶ್ರಣವನ್ನು ಒತ್ತುವ ಕಂಪ್ರೆಷನ್. ಮೂರರಲ್ಲಿ ಯಾವುದು ಇಲ್ಲ ಎಂದು ಪತ್ತೆಯಾದರೆ ಅರ್ಧ ಕೆಲಸ ಮುಗಿದಂತೆ. ಓದುಗರಲ್ಲಿ ಯಾರ ಮನೆಯಲ್ಲಾದರೂ ಈ ಮಿಷನ್, ಕಳೆ ಕತ್ತರಿಸುವ ಯಂತ್ರ ಅಥವಾ ಟೂ ಸ್ಟ್ರೋಕ್ ಪವರ್ ಸ್ಪ್ರೇಯರ್ ಇದ್ದರೆ ಈ ಕ್ರಮ ಉಪಯೋಗಕ್ಕೆ ಬರಬಹುದು.

ಎಲ್ಲಕ್ಕಿಂತ ಮೊದಲು ಸುರಕ್ಷತೆ. ಏನನ್ನೇ ಬಿಚ್ಚುವ ಮುನ್ನ ಸ್ವಿಚ್ ಆಫ್ ಮಾಡಿ, ಎಂಜಿನ್ ತಣ್ಣಗಾಗಲು ಬಿಟ್ಟು, ಪ್ಲಗ್ಗಿನ ಕ್ಯಾಪ್ ಎಳೆದಿಡಬೇಕು. ಸ್ಟಾರ್ಟ್ ಮಾಡುವಾಗ ಚೈನ್ ಬ್ರೇಕ್ ಹಾಕಿ, ಮಿಷನ್ ನೆಲದ ಮೇಲಿಟ್ಟು, ಹಿಂದಿನ ಹಿಡಿಯೊಳಗೆ ಪಾದ ಇಟ್ಟು ಎಳೆಯಬೇಕು. ಗಾಳಿಯಲ್ಲಿ ಎತ್ತಿಹಿಡಿದು ಎಳೆಯುವ ಶೋಕಿ ಬೇಡ. ಪೂರ್ತಿ ವೇಗದಲ್ಲಿ ಈ ಎಂಜಿನ್ ನಿಮಿಷಕ್ಕೆ ಹತ್ತು ಸಾವಿರ ಸುತ್ತು ಮೀರುತ್ತದೆ. ಚೈನ್ ತೊಡೆಗೆ ತಗುಲಲು ಕ್ಷಣ ಸಾಕು.

ಇನ್ನು ಸರಳವಾದವು. ಸ್ವಿಚ್ ಆನ್ ಆಗಿದೆಯೇ? ಟ್ಯಾಂಕಲ್ಲಿ ಇರುವುದು ಹೊಸ ಪೆಟ್ರೋಲೇ, ತಿಂಗಳುಗಟ್ಟಲೆ ಹಳೆಯದೇ? ಏರ್ ಫಿಲ್ಟರ್ ಮರದ ಪುಡಿಯಿಂದ ಮುಚ್ಚಿಹೋಗಿದೆಯೇ? ಚೋಕ್ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ತಣ್ಣನೆಯ ಎಂಜಿನ್‌ಗೆ ಪೂರ್ತಿ ಚೋಕ್ ಹಾಕಿ ಎಳೆದಾಗ ಒಮ್ಮೆ ‘ಟಪ್’ ಎಂದು ಹೊತ್ತಿ ಆರುವ ಸದ್ದು ಬರುತ್ತದೆ. ಆಗ ಚೋಕನ್ನು ಅರ್ಧಕ್ಕೆ ತಂದು ಎಳೆಯಬೇಕು. ಆ ಸದ್ದನ್ನು ಗಮನಿಸದೆ ಪೂರ್ತಿ ಚೋಕ್‌ನಲ್ಲೇ ಎಳೆಯುತ್ತಾ ಹೋದರೆ ಸಿಲಿಂಡರ್ ತುಂಬ ಪೆಟ್ರೋಲ್ ತುಂಬಿ, ಪ್ಲಗ್ ತೊಯ್ದು, ಮಿಷನ್ ಹಟ ಹಿಡಿಯುತ್ತದೆ.

ಈಗ ಪ್ಲಗ್. ನೂರಿನ್ನೂರು ರೂಪಾಯಿಯ ಈ ಭಾಗ ಎಂಜಿನ್ ಒಳಗಿನ ವರದಿಗಾರ. ತುದಿ ತಿಳಿಗಂದು ಬಣ್ಣವಿದ್ದರೆ ದಹನ ಸರಿಯಾಗಿ ನಡೆಯುತ್ತಿತ್ತು ಎಂದರ್ಥ. ಕಪ್ಪು ಮಸಿ ಹಿಡಿದಿದ್ದರೆ ಗಾಳಿ ಕಡಿಮೆ ಅಥವಾ ಆಯಿಲ್ ಜಾಸ್ತಿ. ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಆದರೆ ಹೊತ್ತುತ್ತಿಲ್ಲ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆ ಮತ್ತು ಒಣ, ಇಲ್ಲಿಂದ ದಾರಿ ಎರಡಾಗುತ್ತದೆ.

ಒದ್ದೆಯಾಗಿದ್ದರೆ ಪ್ಲಗ್ ಒರೆಸಿ ಪಕ್ಕಕ್ಕಿಟ್ಟು, ಚೋಕ್ ತೆಗೆದು, ಹತ್ತಾರು ಸಲ ಹಗ್ಗ ಎಳೆದು ಹೆಚ್ಚುವರಿ ಪೆಟ್ರೋಲನ್ನು ಹೊರಹಾಕಬೇಕು. ಆಮೇಲೂ ಹೊತ್ತದಿದ್ದರೆ ಕಿಡಿ ನೋಡಬೇಕು: ಚೆಲ್ಲಿದ ಪೆಟ್ರೋಲಿನಿಂದ ದೂರದಲ್ಲಿ, ಪ್ಲಗ್ ಕುಳಿಯಿಂದಲೂ ದೂರವಾಗಿ, ಪ್ಲಗ್ಗಿನ ಲೋಹದ ಮೈಯನ್ನು ಎಂಜಿನ್ ಲೋಹಕ್ಕೆ ತಾಗಿಸಿ ಎಳೆದರೆ ನೀಲಿ ಕಿಡಿ ಕಾಣಬೇಕು. ಕಾಣದಿದ್ದರೆ ಹೊಸ ಪ್ಲಗ್ ಹಾಕಿ ನೋಡಿ. ಆಗಲೂ ಇಲ್ಲವಾದರೆ ಸ್ವಿಚ್ಚಿನ ವೈರ್ ಎಲ್ಲಾದರೂ ಸುಲಿದು ಬಾಡಿಗೆ ತಗುಲುತ್ತಿದೆಯೇ ನೋಡಿ. ಇಗ್ನಿಷನ್ ಕಾಯಿಲ್ ಮೇಲೆ ಅನುಮಾನ ಪಡುವುದು ಇದೆಲ್ಲ ಆದ ಮೇಲೆ.

ಒಣಗಿದ್ದರೆ ಟ್ಯಾಂಕಿನಿಂದ ಕಾರ್ಬೊರೇಟರ್‌ವರೆಗಿನ ದಾರಿಯನ್ನು ಒಂದೊಂದೇ ಹೆಜ್ಜೆ ನೋಡುತ್ತಾ ಹೋಗಬೇಕು. ಗಾಳಿ ರಂಧ್ರ, ಟ್ಯಾಂಕ್ ಒಳಗಿನ ಫಿಲ್ಟರ್, ಬಿರುಕು ಬಿಟ್ಟ ಪೈಪು, ಕಡೆಗೆ ಕಾರ್ಬೊರೇಟರ್. ಬೈಕಿನ ಹಳೆಯ ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಪುಟ್ಟ ಬಟ್ಟಲು, ಅದರಲ್ಲಿ ತೇಲುವ ಫ್ಲೋಟ್ ಇರುತ್ತಿತ್ತು. ಚೈನ್ ಸಾ ಓರೆಯಾಗಿ, ತಲೆಕೆಳಗಾಗಿ ಕೆಲಸ ಮಾಡಬೇಕಾದ್ದರಿಂದ ಬಟ್ಟಲು ನಡೆಯುವುದಿಲ್ಲ. ಅದರ ಬದಲು ತೆಳುವಾದ ಡಯಾಫ್ರಮ್ ಪೊರೆ ಇರುತ್ತದೆ. ಎಂಜಿನ್ ಒಳಗಿನ ಒತ್ತಡದ ಏರಿಳಿತಕ್ಕೆ ಪೊರೆ ಮಿಡಿಯುತ್ತಾ ಪೆಟ್ರೋಲನ್ನು ಎಳೆದುಕೊಳ್ಳುತ್ತದೆ. ಪೊರೆ ಗಡುಸಾದರೆ ಮಿಡಿತ ನಿಂತಿತು. ಎಷ್ಟೋ ಸಲ ಪೊರೆ ಮತ್ತು ಗ್ಯಾಸ್ಕೆಟ್‌ನ ಸಣ್ಣ ಕಿಟ್ ಬದಲಿಸಿದರೆ ಸಾಕು, ಇಡೀ ಕಾರ್ಬೊರೇಟರ್ ಬೇಡ.

ಪೆಟ್ರೋಲೂ ಬರುತ್ತಿದೆ, ಕಿಡಿಯೂ ಇದೆ, ಆದರೂ ಓಡದು ಎಂದರೆ ಕಂಪ್ರೆಷನ್. ಸ್ವಿಚ್ ಆಫ್ ಇಟ್ಟು, ಮಿಷನ್ನನ್ನು ಸ್ಟಾರ್ಟರ್ ಹಗ್ಗದ ಹಿಡಿಯಲ್ಲಿ ನೆಲಕ್ಕೆ ಹತ್ತಿರವಾಗಿ ತೂಗುಬಿಟ್ಟರೆ ಅದು ತಡೆತಡೆದು ಇಳಿಯಬೇಕು. ಸರ್‍ರನೆ ಇಳಿದರೆ ಪಿಸ್ಟನ್ ಅಥವಾ ರಿಂಗ್ ಸವೆದಿದೆ. ಸೈಲೆನ್ಸರ್ ಬಿಚ್ಚಿ ಇಣುಕಿದರೆ ಪಿಸ್ಟನ್ ಮೇಲಿನ ಗೀರು ಕಾಣುತ್ತದೆ. ಅದಕ್ಕೆ ಸಾಮಾನ್ಯ ಕಾರಣ ಆಯಿಲ್ ಇಲ್ಲದ ಪೆಟ್ರೋಲ್. ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಬೇರೆ ಆಯಿಲ್ ಚೇಂಬರ್ ಇಲ್ಲ. ಪೆಟ್ರೋಲ್ ಜತೆ ಬೆರೆಸಿದ ಆಯಿಲ್ಲೇ ಅದರ ಪ್ರಾಣ. 50:1 ಎಂದು ಕೈಪಿಡಿಯಲ್ಲಿದ್ದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿ.ಲೀ., 25:1 ಎಂದಿದ್ದರೆ 40 ಮಿ.ಲೀ. ‘ಅಂದಾಜು ಒಂದು ಮುಚ್ಚಳ’ ಎಂಬ ಅಳತೆ ಎಂಜಿನ್‌ಗೆ ಅರ್ಥವಾಗುವುದಿಲ್ಲ.

ಇನ್ನೊಂದು ಮಾತು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕ ಇ20 ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇರುತ್ತದೆ. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ದಿನವೂ ಓಡುವ ಬೈಕಿಗೂ, ಸೀಸನ್ ಮುಗಿದ ಮೇಲೆ ತಿಂಗಳುಗಟ್ಟಲೆ ಮೂಲೆಯಲ್ಲಿ ಕೂರುವ ಚೈನ್ ಸಾಗೂ ಇಲ್ಲಿ ವ್ಯತ್ಯಾಸವಿದೆ. ಹಳೆಯ ಮಿಷನ್‌ಗಳ ರಬ್ಬರ್ ಪೈಪು, ಪೊರೆಗಳಿಗೂ ಇದು ಹೊಂದದಿರಬಹುದು. ಹಾಗಾಗಿ ಬೇಕಾದಷ್ಟೇ ಮಿಶ್ರಣ ಮಾಡಿಕೊಂಡು, ಎತ್ತಿಡುವ ಮುನ್ನ ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರ್‌ನಲ್ಲಿ ಉಳಿದದ್ದು ತೀರಿ ತಾನಾಗಿ ನಿಲ್ಲುವ ತನಕ ಓಡಿಸಿ ಇಡುವುದು ಒಳ್ಳೆಯದು.

ವಿದ್ಯೆ ಇರುವುದು ಯಾರ ಕೈಯಲ್ಲಿ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಯಮಹಾ ಆರ್‌ಎಕ್ಸ್ 100 ತಯಾರಿಕೆ ನಿಂತದ್ದೂ 1996ರಲ್ಲೇ. ಹೊಗೆ ನಿಯಮಗಳು ಬಿಗಿಯಾದಂತೆ ಟೂ ಸ್ಟ್ರೋಕ್ ಬೈಕುಗಳು ರಸ್ತೆಯಿಂದ ಹಿಂದೆ ಸರಿದವು. ಪರಿಸರದ ದೃಷ್ಟಿಯಿಂದ ಅದು ಸರಿಯೇ. ಆದರೆ ಆ ಎಂಜಿನ್ ಮಾಯವಾಗಲಿಲ್ಲ. ರಸ್ತೆಯಿಂದ ಹೊಲಕ್ಕೆ ಇಳಿಯಿತು. ಚೈನ್ ಸಾ, ಕಳೆ ಕತ್ತರಿಸುವ ಯಂತ್ರ, ಸ್ಪ್ರೇಯರ್ ರೂಪದಲ್ಲಿ ಅದು ಇವತ್ತು ಹಳ್ಳಿಹಳ್ಳಿಯಲ್ಲಿದೆ.

2014–15ರಲ್ಲಿ ಶುರುವಾದ ಕೇಂದ್ರದ ಕೃಷಿ ಯಾಂತ್ರೀಕರಣ ಉಪ ಅಭಿಯಾನ, ನಮ್ಮ ರಾಜ್ಯದ ಕೃಷಿ ಯಂತ್ರಧಾರೆ ಕೇಂದ್ರಗಳು ರೈತರ ಕೈಗೆ ಯಂತ್ರ ತಲುಪಿಸುವ ಕೆಲಸ ಮಾಡಿವೆ. ಯಂತ್ರ ಬಂದಷ್ಟು ವೇಗದಲ್ಲಿ ಅದನ್ನು ರಿಪೇರಿ ಮಾಡುವವರು ಬರಲಿಲ್ಲ. ಟೂ ಸ್ಟ್ರೋಕ್ ಬಲ್ಲವರು 1996ಕ್ಕೂ ಮೊದಲು ಕಲಿತವರು, ಅಂದರೆ ಇಂದು ಐವತ್ತರ ಆಸುಪಾಸಿನವರು. ಅವರ ಗ್ಯಾರೇಜಿಗೆ ಈಗ ಶಿಷ್ಯರು ಬರುತ್ತಿಲ್ಲ. ಇಪ್ಪತ್ತರ ಹುಡುಗರು ಹೊಸ ಬೈಕಿನ ಶೋರೂಂ ಸರ್ವಿಸ್ ಕಡೆ, ಇಲ್ಲವೇ ಬೆಂಗಳೂರಿನ ಡೆಲಿವರಿ ಕೆಲಸದ ಕಡೆ ಹೊರಟಿದ್ದಾರೆ. ಗುಂಡ್ಲುಪೇಟೆಯ ಆ ಮೆಕ್ಯಾನಿಕ್ ಹೇಳಿದ ಮಾತು: ‘ನನ್ ಮಗನೇ ಕಲೀನಿಲ್ಲ, ಇನ್ನ ಯಾರ್ಗೆ ಹೇಳ್ಕೊಡ್ಲಪ್ಪ?’

ಇತ್ತ ನಮ್ಮ ಲ್ಯಾಬ್‌ಗಳಲ್ಲಿ ಏನಾಗುತ್ತದೆ? ಫ್ಲ್ಯಾಶ್ ಪಾಯಿಂಟ್ ನೋಡುತ್ತೇವೆ, ವಾಲ್ವ್ ಟೈಮಿಂಗ್ ಚಿತ್ರ ಬರೆಯುತ್ತೇವೆ, ಮೋರ್ಸ್ ಟೆಸ್ಟ್ ಮಾಡುತ್ತೇವೆ, ದಕ್ಷತೆ ಲೆಕ್ಕ ಹಾಕುತ್ತೇವೆ. ಇವೆಲ್ಲ ಬೇಕು. ಆದರೆ ಈ ಪ್ರಯೋಗಗಳಲ್ಲಿ ಯಾವುದೂ ಕೆಟ್ಟು ನಿಂತ ಎಂಜಿನ್‌ನ ದೋಷ ಹುಡುಕುವುದಕ್ಕಲ್ಲ. ಎಂಜಿನ್ ಕೆಟ್ಟರೆ ಆ ದಿನದ ಪ್ರಯೋಗ ರದ್ದು. ಹಿಂದಿನ ಬ್ಯಾಚಿನ ರೀಡಿಂಗ್ ಬರೆದುಕೊಳ್ಳಿ ಎನ್ನುತ್ತಾರೆ. ನಿಜ ಹೇಳಬೇಕೆಂದರೆ ಎಂಜಿನ್ ಕೆಟ್ಟ ದಿನವೇ ಅತ್ಯುತ್ತಮ ಲ್ಯಾಬ್ ಆಗಬೇಕಿತ್ತು.

‘ಬಿಇ ಓದಿ ಮೆಕ್ಯಾನಿಕ್ ಆಗಬೇಕಾ?’

ಈ ಪ್ರಶ್ನೆ ಬಂದೇ ಬರುತ್ತದೆ. ನಮ್ಮ ಅಪ್ಪ ಅಮ್ಮಂದಿರು ಸಾಲ ಮಾಡಿ ಓದಿಸುತ್ತಿರುವುದು ಗ್ರೀಸ್ ಮೆತ್ತಿಕೊಳ್ಳಲಿ ಎಂದಲ್ಲ, ಒಪ್ಪುತ್ತೇನೆ. ಎಲ್ಲರೂ ಗ್ಯಾರೇಜ್ ತೆರೆಯಿರಿ ಎಂದೂ ನಾನು ಹೇಳುತ್ತಿಲ್ಲ. ಆದರೆ ದೋಷ ಹುಡುಕುವ ಕ್ರಮ ಒಂದು ಯಂತ್ರಕ್ಕೆ ಸೀಮಿತವಲ್ಲ. ಸಾಫ್ಟ್‌ವೇರ್ ಕಂಪನಿಯಲ್ಲಿ ಸರ್ವರ್ ನಿಂತಾಗ ಮೊದಲು ಕೇಳುವುದೂ ‘ಯಾವಾಗ ನಿಂತಿತು, ಅದಕ್ಕೂ ಮುಂಚೆ ಏನು ಬದಲಾಯಿತು’ ಎಂದೇ. ಕಾರ್ಖಾನೆಯ ಕನ್ವೇಯರ್, ಆಸ್ಪತ್ರೆಯ ಆಮ್ಲಜನಕ ಯಂತ್ರ, ಸೋಲಾರ್ ಪಂಪ್‌ಸೆಟ್, ಎಲ್ಲ ಕಡೆಯೂ ಇದೇ ಕ್ರಮ. ಸಂದರ್ಶನದಲ್ಲಿ ‘ನೀವೇ ಬಿಡಿಸಿದ ಒಂದು ಸಮಸ್ಯೆ ಹೇಳಿ’ ಎಂದಾಗ ನೆಟ್‌ನಿಂದ ಇಳಿಸಿದ ಪ್ರಾಜೆಕ್ಟ್ ವಿವರಿಸುವವರಿಗಿಂತ, ಒಣ ಪ್ಲಗ್ ನೋಡಿ ಗಾಳಿ ರಂಧ್ರದವರೆಗೆ ಹೋದ ದಾರಿಯನ್ನು ಹಂತಹಂತವಾಗಿ ಹೇಳುವವರ ಮಾತಿಗೆ ತೂಕ ಹೆಚ್ಚು ಎಂದೇ ನನ್ನ ನಂಬಿಕೆ.

ಇನ್ನೊಂದು ಆಕ್ಷೇಪ: ಬ್ಯಾಟರಿ ಚೈನ್ ಸಾ ಬರುತ್ತಿದೆ, ಟೂ ಸ್ಟ್ರೋಕ್ ಕಲಿತು ಏನು ಪ್ರಯೋಜನ? ಬರಲಿ, ಹೊಗೆಯೂ ಸದ್ದೂ ಕಡಿಮೆಯಾಗಲಿ. ಆದರೆ ಬ್ಯಾಟರಿ ಮಿಷನ್ ಕೂಡ ಒಂದು ದಿನ ಸ್ಟಾರ್ಟ್ ಆಗುವುದಿಲ್ಲ. ಆಗ ನೋಡಬೇಕಾದ್ದು ಬ್ಯಾಟರಿಯ ಸಂಪರ್ಕ ಬಿಂದು, ಸ್ವಿಚ್, ಚೈನ್ ಬ್ರೇಕ್, ಮೋಟಾರ್, ನಿಯಂತ್ರಣ ಬೋರ್ಡ್. ಭಾಗಗಳ ಹೆಸರು ಬದಲಾಗುತ್ತದೆ. ಸುಲಭದಿಂದ ಕಷ್ಟದ ಕಡೆ ಹೋಗುವ ಕ್ರಮ ಬದಲಾಗುವುದಿಲ್ಲ.

ಮತ್ತೆ, ರಿಪೇರಿ ಈಗ ಬರೀ ಬೀದಿಬದಿಯ ಮಾತಾಗಿ ಉಳಿದಿಲ್ಲ. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕು’ ಬಗ್ಗೆ ಸಮಿತಿ ರಚಿಸಿತು. ಮೊದಲು ಗಮನ ಕೊಡಲು ಗುರುತಿಸಿದ ಕ್ಷೇತ್ರಗಳಲ್ಲಿ ಮೊಬೈಲ್, ಗೃಹೋಪಯೋಗಿ ವಸ್ತು, ವಾಹನಗಳ ಜತೆ ಕೃಷಿ ಉಪಕರಣವೂ ಇದೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಇದಕ್ಕಾಗಿ ಪೋರ್ಟಲ್ ಕೂಡ ಬಂತು. ಬಿಡಿಭಾಗ, ಕೈಪಿಡಿ ಸಿಗುವಂತಾಗಲಿ ಎಂಬುದು ಅದರ ಆಶಯ. ಹಕ್ಕು ಕಾಗದದ ಮೇಲೆ ಬಂದರೂ, ಕೈಪಿಡಿ ಓದಿ ರಿಪೇರಿ ಮಾಡುವವರು ತಾಲ್ಲೂಕಿನಲ್ಲಿ ಇಲ್ಲದಿದ್ದರೆ ಅದರಿಂದ ರೈತರಿಗೆ ಏನು ಸಿಕ್ಕಿತು?

ಏನು ಮಾಡಬಹುದು?

ದೊಡ್ಡ ಅನುದಾನ ಬೇಕಿಲ್ಲ. ಮೊದಲನೆಯದಾಗಿ, ಪ್ರತಿ ಎಂಜಿನಿಯರಿಂಗ್ ಕಾಲೇಜಿನಲ್ಲೂ ಒಂದು ‘ಕೆಟ್ಟ ಎಂಜಿನ್’ ಲ್ಯಾಬ್ ಇರಲಿ. ಗುಜರಿಯಿಂದ ನಾಲ್ಕು ಹಳೆಯ ಚೈನ್ ಸಾ, ಸ್ಪ್ರೇಯರ್ ತಂದು, ಬೋಧಕರು ಬೇಕೆಂದೇ ಒಂದು ದೋಷ ಇಡಲಿ. ವಿದ್ಯಾರ್ಥಿಗಳ ತಂಡ ಅದನ್ನು ಹುಡುಕಲಿ. ಅಂಕ ಕೊಡುವುದು ಓಡಿಸಿದ್ದಕ್ಕಲ್ಲ. ಯಾವ ಪರೀಕ್ಷೆ, ಯಾವ ಕ್ರಮದಲ್ಲಿ, ಯಾಕೆ ಮಾಡಿದೆವು ಎಂದು ಬರೆದಿಟ್ಟದ್ದಕ್ಕೆ.

ಎರಡನೆಯದು, ವರ್ಷಕ್ಕೆರಡು ಸಲ ರಿಪೇರಿ ದಿನ. ಮುಂಗಾರಿಗೆ ಮುಂಚೆ ಒಮ್ಮೆ, ಸೀಸನ್ ಮುಗಿದ ಮೇಲೆ ಒಮ್ಮೆ. ರೈತರು ಮಿಷನ್ ತರಲಿ. ಐಟಿಐ ಹುಡುಗರು, ನಾವು, ಊರಿನ ಹಿರಿಯ ಮೆಕ್ಯಾನಿಕ್ ಒಟ್ಟಿಗೆ ಕೂರೋಣ. ಆ ಮೆಕ್ಯಾನಿಕ್‌ಗೆ ಅತಿಥಿ ಉಪನ್ಯಾಸಕರಿಗೆ ಕೊಡುವಷ್ಟೇ ಗೌರವಧನ ಕೊಡಲಿ. ಇಲ್ಲಿ ಹುಡುಗಿಯರಿಗೂ ಸಮಪಾಲು ಇರಲಿ. ‘ನೀವು ರೀಡಿಂಗ್ ಬರ್ಕೊಳ್ಳಿ, ಹುಡುಗರು ಬಿಚ್ಚಲಿ’ ಎನ್ನುವ ಲ್ಯಾಬ್ ಸಂಪ್ರದಾಯ ಇಲ್ಲಿಗೂ ಬರುವುದು ಬೇಡ.

ಮೂರನೆಯದು, ಕನ್ನಡ. ಮಿಷನ್ ಜತೆ ಬರುವ ಕೈಪಿಡಿಯಲ್ಲಿ ಎಲ್ಲ ವಿವರವೂ ಇರುತ್ತದೆ, ಆದರೆ ಅದನ್ನು ಬಳಸುವವರು ಓದುವ ಭಾಷೆಯಲ್ಲಿ ಇರುವುದಿಲ್ಲ. ಒಂದು ಸೆಮಿಸ್ಟರ್‌ನ ಪ್ರಾಜೆಕ್ಟ್ ಆಗಿ, ಒಂದೊಂದು ಯಂತ್ರಕ್ಕೆ ಒಂದೊಂದು ಹಾಳೆಯ ‘ಸ್ಟಾರ್ಟ್ ಆಗದಿದ್ದರೆ ಹೀಗೆ ನೋಡಿ’ ಪಟ್ಟಿಯನ್ನು ಕನ್ನಡದಲ್ಲಿ ಚಿತ್ರಸಹಿತ ಮಾಡಿದರೆ, ಕಪಾಟಿನಲ್ಲಿ ಧೂಳು ತಿನ್ನುವ ಎಷ್ಟೋ ಪ್ರಾಜೆಕ್ಟ್ ವರದಿಗಳಿಗಿಂತ ಅದು ಹೆಚ್ಚು ಓದಿಸಿಕೊಳ್ಳುತ್ತದೆ. ರೈತ ಸಂಪರ್ಕ ಕೇಂದ್ರದ ಗೋಡೆಯೇ ಅದಕ್ಕೆ ಒಳ್ಳೆಯ ಜಾಗ.

ನಾಲ್ಕನೆಯದು ನಮಗೇ ಸೇರಿದ್ದು. ಈಗ ಇಂಟರ್ನ್‌ಶಿಪ್ ಕಡ್ಡಾಯ. ಹಣ ಕೊಟ್ಟು ಆನ್‌ಲೈನ್ ಸರ್ಟಿಫಿಕೇಟ್ ತರುವವರೂ ನಮ್ಮ ನಡುವೆ ಇದ್ದಾರೆ. ಅದರ ಬದಲು ನಾಲ್ಕು ವಾರ ತಾಲ್ಲೂಕಿನ ಒಂದು ರಿಪೇರಿ ಅಂಗಡಿಯಲ್ಲಿ ಕೂತು, ಬಂದ ಪ್ರತಿ ಯಂತ್ರದ ದೋಷ, ಕಾರಣ, ಖರ್ಚು ಬರೆದಿಟ್ಟರೆ ಅದನ್ನೂ ಇಂಟರ್ನ್‌ಶಿಪ್ ಎಂದು ಕಾಲೇಜುಗಳು ಒಪ್ಪಬೇಕು. ಯಾವ ಭಾಗ ಪದೇ ಪದೇ ಕೆಡುತ್ತದೆ ಎಂಬ ಲೆಕ್ಕ ಕೈಗೆ ಬಂದರೆ, ಹೊಸ ವಿನ್ಯಾಸಕ್ಕೆ ಅಲ್ಲಿಂದಲೇ ದಾರಿ ಸಿಗುತ್ತದೆ. ಕೆಲಸ ಹುಡುಕುತ್ತಿರುವವರಿಗೆ ಇನ್ನೊಂದು ಲೆಕ್ಕವೂ ಇದೆ. ಸೀಸನ್‌ನಲ್ಲಿ ಸ್ಪ್ರೇಯರ್, ಕಳೆ ಯಂತ್ರ, ಚೈನ್ ಸಾ ರಿಪೇರಿಗೆ ನಮ್ಮ ರೈತರು ಮೈಸೂರಿನವರೆಗೆ ಹೋಗುತ್ತಿದ್ದಾರೆ ಎಂದರೆ ಆ ಕೆಲಸ ಇಲ್ಲೇ ಇದೆ, ಮಾಡುವವರು ಇಲ್ಲ ಎಂದರ್ಥ.

ನಮ್ಮ ಜಿಲ್ಲೆಯನ್ನು ಹಿಂದುಳಿದದ್ದು ಎಂದು ಕರೆಯುವುದನ್ನು ಕೇಳಿಕೊಂಡೇ ಬೆಳೆದವರು ನಾವು. ಅದಕ್ಕೆ ಕಾರಣಗಳು ಹಲವು, ಎಲ್ಲವೂ ನಮ್ಮ ಕೈಯಲ್ಲಿಲ್ಲ. ಆದರೆ ಕೆಟ್ಟ ಮಿಷನ್ ಹೊತ್ತು ತಂದವರಿಗೆ ‘ಎರಡು ದಿನ ಬಿಟ್ಟು ಬನ್ನಿ’ ಎನ್ನುವ ಬದಲು ‘ಯಾವಾಗ ನಿಂತಿತು?’ ಎಂದು ಕೇಳುವ ನೂರು ಮಂದಿಯನ್ನು ತಯಾರು ಮಾಡುವುದು ನಮ್ಮ ಕೈಯಲ್ಲಿದೆ. ಕಲಿಸುವವರು ಗುಂಡ್ಲುಪೇಟೆಯಲ್ಲೂ ಇದ್ದಾರೆ, ಚಾಮರಾಜನಗರದಲ್ಲೂ ಇದ್ದಾರೆ. ಈ ಸಲದ ರಜೆಯಲ್ಲಿ ನಾಲ್ಕು ವಾರ ಆ ಮೆಕ್ಯಾನಿಕ್ ಅಂಗಡಿಯಲ್ಲಿ ಕೂರಲು ನಾನೂ ನನ್ನ ಇಬ್ಬರು ಗೆಳೆಯರೂ ಮಾತಾಡಿಕೊಂಡಿದ್ದೇವೆ. ನಿಮ್ಮ ಊರಲ್ಲೂ ಅಂಥವರೊಬ್ಬರು ಇರುತ್ತಾರೆ, ಹುಡುಕಿ ನೋಡಿ.